ಹಿಂದೆ ಸರಿಯುವುದು, ಎಲ್ಲಿಂದ?

2023ರ ಮೊದಲ ತಿಂಗಳುಗಳಲ್ಲಿ ಪ್ಯಾರಿಸ್‌ನ ಬೀದಿಗಳಲ್ಲಿ ಲಕ್ಷಾಂತರ ಜನ ಮೆರವಣಿಗೆ ಹೊರಟಿದ್ದರು. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಸರ್ಕಾರದ ಕ್ರಮಕ್ಕೆ ಅವರ ವಿರೋಧವಿತ್ತು. ಅವರ ಫಲಕಗಳಲ್ಲಿ ಮತ್ತೆ ಮತ್ತೆ ಕಾಣಿಸಿದ ಪದ ‘ರೆತ್ರೆತ್’. ಇದೇ ಪದವನ್ನು ಫ್ರೆಂಚ್ ಇತಿಹಾಸದ ಪುಸ್ತಕದಲ್ಲಿ ಹುಡುಕಿದರೆ ಸಿಗುವುದು ಪಿಂಚಣಿಯಲ್ಲ. 1812ರ ಕೊನೆಯಲ್ಲಿ ಮಾಸ್ಕೋದಿಂದ ಹಿಮದಲ್ಲಿ ಕಾಲೆಳೆಯುತ್ತ ಮರಳಿದ ನೆಪೋಲಿಯನ್ ಸೇನೆ.

ಸೋತ ಸೈನಿಕ ಹಿಮ್ಮೆಟ್ಟುವುದಕ್ಕೂ ಗುಮಾಸ್ತ ನೌಕರಿಯಿಂದ ಬಿಡುಗಡೆಯಾಗುವುದಕ್ಕೂ ಫ್ರೆಂಚರು ಒಂದೇ ಪದ ಬಳಸುತ್ತಾರೆ. ಇಂಗ್ಲಿಷಿಗೆ ಬರುವಾಗ ಅದು ಎರಡಾಗುತ್ತದೆ: ಸೈನಿಕನಿಗೆ ‘ರಿಟ್ರೀಟ್’, ಗುಮಾಸ್ತನಿಗೆ ‘ರಿಟೈರ್‌ಮೆಂಟ್’. ನಾವು ನಗುವ ಹಾಗಿಲ್ಲ. ನಮ್ಮ ‘ನಿವೃತ್ತಿ’ಯ ಮೂಲಾರ್ಥವೂ ಹಿಂದಕ್ಕೆ ತಿರುಗುವುದೇ.

‘ರೆತ್ರೆತ್’ ಪದಕ್ಕೆ ಒಬ್ಬ ಸೋದರನಿದ್ದಾನೆ. ಹೆಸರು ‘ರೆತ್ರೆ’. ಕೊನೆಯ ಒಂದಕ್ಷರ ಮಾತ್ರ ಕಡಿಮೆ. ಇದರಲ್ಲಿ ಸೋಲಿನ ವಾಸನೆಯಿಲ್ಲ. ಬ್ಯಾಂಕಿನಿಂದ ಹಣ ತೆಗೆಯುವುದೂ ‘ರೆತ್ರೆ’, ಸೇನೆಯನ್ನು ವಾಪಸು ಕರೆಸಿಕೊಳ್ಳುವುದೂ ‘ರೆತ್ರೆ’. ಇಂಗ್ಲಿಷಿನಲ್ಲಿ ಇದಕ್ಕೆ ‘ವಿತ್‌ಡ್ರಾಯಲ್’ ಎಂಬ ಜೋಡಿ ಸಿದ್ಧವಾಗಿಯೇ ಇದೆ. ಕನ್ನಡದ ‘ಹಿಂತೆಗೆತ’ವೂ ಅದೇ ಚಿತ್ರ ಕೊಡುತ್ತದೆ: ಹಿಂದಕ್ಕೆ ಎಳೆದುಕೊಳ್ಳುವುದು. ಇಷ್ಟು ಸಲೀಸಾಗಿ ಅನುವಾದವಾಗುವ ಪದದ ಬೆನ್ನಿಗೇ ಜಗತ್ತಿನ ಅತಿ ಹಳೆಯ ಜಗಳಗಳಲ್ಲೊಂದು ಅಂಟಿಕೊಂಡಿದೆ.

1967ರ ಜೂನ್ 5ರಿಂದ 10ರವರೆಗೆ ನಡೆದ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್, ಈಜಿಪ್ಟಿನಿಂದ ಸಿನಾಯ್ ಪರ್ಯಾಯ ದ್ವೀಪವನ್ನು ಗೆದ್ದುಕೊಂಡಿತು. ಈಜಿಪ್ಟಿನ ಆಡಳಿತದಲ್ಲಿದ್ದ ಗಾಜಾ, ಜೋರ್ಡಾನ್ ಹಿಡಿತದಲ್ಲಿದ್ದ ಪಶ್ಚಿಮ ದಂಡೆ ಹಾಗೂ ಪೂರ್ವ ಜೆರುಸಲೇಂ, ಸಿರಿಯದ ಗೋಲನ್ ದಿಬ್ಬಗಳೂ ಅದರ ವಶವಾದವು. ಐದು ತಿಂಗಳ ಹಗ್ಗಜಗ್ಗಾಟದ ನಂತರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯವನ್ನು ಅವಿರೋಧವಾಗಿ ಅಂಗೀಕರಿಸಿತು. ಕರಡು ಬ್ರಿಟನ್ನಿನ ಪ್ರತಿನಿಧಿ ಲಾರ್ಡ್ ಕ್ಯಾರಡನ್ ಅವರದು. ಅದರಲ್ಲಿ ಮುಖ್ಯವಾದ ಅಂಶಗಳಲ್ಲೊಂದು, ಇತ್ತೀಚಿನ ಸಂಘರ್ಷದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿ ಪಡೆಗಳ ‘ವಿತ್‌ಡ್ರಾಯಲ್’.

ಯಾವ ಪ್ರದೇಶಗಳಿಂದ? ಇಂಗ್ಲಿಷ್ ಪಠ್ಯದಲ್ಲಿರುವುದು ‘ಫ್ರಮ್ ಟೆರಿಟರೀಸ್’. ‘ದಿ’ ಎಂಬ ಪುಟ್ಟ ಪದ ಅಲ್ಲಿಲ್ಲ, ‘ಆಲ್’ ಕೂಡ ಇಲ್ಲ. ಇದು ಕೈತಪ್ಪಲ್ಲ, ಬೇಕೆಂದೇ ಬಿಟ್ಟದ್ದು. ಎಲ್ಲ ಪ್ರದೇಶಗಳನ್ನೂ ಬಿಟ್ಟುಕೊಡಬೇಕೆಂದು ನಿರ್ಣಯ ಹೇಳಿಲ್ಲ, ಎಷ್ಟು ಎಂಬುದು ಮಾತುಕತೆಯಲ್ಲಿ ತೀರ್ಮಾನವಾಗಬೇಕು ಎಂದು ಇಸ್ರೇಲ್ ವಾದಿಸಿತು. ಆದರೆ ಫ್ರೆಂಚ್ ಪಠ್ಯದಲ್ಲಿ ‘ರೆತ್ರೆ’ಯ ನಂತರ ‘ದೆ ತೆರಿತ್ವಾರ್ ಒಕ್ಯುಪೆ’ ಎಂದಿದೆ. ಆ ‘ದೆ’ ಎಂಬುದು ‘ಇಂದ’ ಮತ್ತು ‘ಆ’ ಎರಡೂ ಬೆರೆತ ಅಕ್ಷರ. ಓದಿದವರಿಗೆ ‘ಆ ಆಕ್ರಮಿತ ಪ್ರದೇಶಗಳಿಂದ’ ಎಂದೇ, ಅಂದರೆ ಎಲ್ಲದರಿಂದಲೂ ಎಂದೇ ಅರ್ಥವಾಗುತ್ತದೆ. ಆಗ ಮಂಡಳಿಯ ಕಾರ್ಯನಿರ್ವಹಣಾ ಭಾಷೆಗಳಿದ್ದುದು ಇವೆರಡೇ. ಮತ ಹಾಕಿದ ದಿನವೇ ಫ್ರಾನ್ಸಿನ ಪ್ರತಿನಿಧಿ ಅರ್ಮಾಂ ಬೆರಾರ್, ಫ್ರೆಂಚ್ ಪಠ್ಯವೂ ಇಂಗ್ಲಿಷಿನಷ್ಟೇ ಅಧಿಕೃತ, ಅದರಲ್ಲಿ ಸಂದಿಗ್ಧಕ್ಕೆ ಎಡೆಯಿಲ್ಲ ಎಂದು ಸಭೆಯಲ್ಲೇ ದಾಖಲಿಸಿದರು.

ಭಾರತ ಆಗ ಮಂಡಳಿಯ ಸದಸ್ಯ ರಾಷ್ಟ್ರ. ಅದಕ್ಕೆ ಮೊದಲು ಮಾಲಿ, ನೈಜೀರಿಯಗಳ ಜೊತೆ ಸೇರಿ ‘ಎಲ್ಲ ಪ್ರದೇಶಗಳಿಂದ’ ಎಂದು ನೇರವಾಗಿ ಹೇಳುವ ಬೇರೆ ಕರಡನ್ನೇ ಮುಂದಿಟ್ಟಿತ್ತು. ಅದನ್ನು ಮತಕ್ಕೆ ಹಾಕಲಿಲ್ಲ. ಬ್ರಿಟನ್ನಿನ ಕರಡಿಗೆ ಒಪ್ಪಿಗೆ ಕೊಡುವಾಗ ಜಿ. ಪಾರ್ಥಸಾರಥಿ ಅವರು, ಪೂರ್ಣ ಹಿಂತೆಗೆತವೇ ಇದರ ಅರ್ಥ ಎಂದು ತಾವು ತಿಳಿದಿರುವುದಾಗಿ ಹೇಳಿದರು. ಕ್ಯಾರಡನ್ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಮ್ಮನ್ನು ಕಟ್ಟಿಹಾಕುವುದು ನಿರ್ಣಯ ಮಾತ್ರ ಎಂದು ಜಾಣತನದಿಂದ ಜಾರಿಕೊಂಡರು. ಎಲ್ಲರ ಕೈ ಮೇಲೆದ್ದದ್ದು ಬಹುಶಃ ಈ ಜಾಣತನದಿಂದಲೇ. ಜಗಳ ಉಳಿದದ್ದೂ ಅದರಿಂದಲೇ.

ಅರಬರ ಪರ ನಿಂತವರು ಇನ್ನೊಂದು ಮಾತನ್ನೂ ಎತ್ತುತ್ತಾರೆ. ಯುದ್ಧದ ಮೂಲಕ ಭೂಮಿ ಗಳಿಸುವುದು ಸಲ್ಲದು ಎಂದು ಅದೇ ನಿರ್ಣಯದ ಪೀಠಿಕೆ ಹೇಳುತ್ತದೆ. ಇದು ಎರಡೂ ಭಾಷೆಗಳಲ್ಲಿದೆ, ಇಲ್ಲಿ ಭಿನ್ನತೆಯಿಲ್ಲ. ಇದಕ್ಕೆ ಇನ್ನೊಂದು ಕಡೆಯವರು, ಪ್ರತಿಯೊಂದು ರಾಷ್ಟ್ರಕ್ಕೂ ಸುರಕ್ಷಿತ ಹಾಗೂ ಮಾನ್ಯ ಗಡಿಯೊಳಗೆ ಬದುಕುವ ಹಕ್ಕಿದೆ ಎಂಬ ಅದರದೇ ಸಾಲನ್ನು ತೋರಿಸುತ್ತಾರೆ.

ವ್ಯಾಕರಣದ ವಾದ ಹೇಗೇ ಇರಲಿ, ನೆಲದ ಮೇಲೆ ನಡೆದದ್ದು ತುಂಡು ತುಂಡಾಗಿ. 1979ರ ಈಜಿಪ್ಟ್-ಇಸ್ರೇಲ್ ಒಪ್ಪಂದದಂತೆ ಸಿನಾಯ್‌ನಿಂದ ಪಡೆಗಳು 1982ರ ಏಪ್ರಿಲ್ ವೇಳೆಗೆ ಹೊರಟವು. ಗೋಲನ್‌ನಲ್ಲಿ ಮಾತ್ರ 1981ರಲ್ಲೇ ಇಸ್ರೇಲ್ ತನ್ನ ಕಾನೂನನ್ನು ಜಾರಿಗೊಳಿಸಿತು. ಗಾಜಾದ ಒಳಗಿಂದ 2005ರಲ್ಲಿ ಹೊರಬಂದ ಸೇನೆ 2023ರ ಅಕ್ಟೋಬರ್‌ನಲ್ಲಿ ಮತ್ತೆ ಒಳಹೊಕ್ಕಿತು. ಪಶ್ಚಿಮ ದಂಡೆಯಿಂದ ಪೂರ್ಣ ಹಿಂತೆಗೆತ ಇನ್ನೂ ಆಗಿಲ್ಲ.

‘ದಿ’ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಇಂಗ್ಲಿಷ್ ಮೇಷ್ಟರಿಂದ ಬೈಸಿಕೊಂಡ ನಮ್ಮಂಥವರಿಗೆ ಈ ಕಥೆ ಸ್ವಲ್ಪ ವಿಚಿತ್ರ ಸಮಾಧಾನ ಕೊಡುತ್ತದೆ. ಕನ್ನಡದಲ್ಲಿ ಆ ಪದವೇ ಇಲ್ಲ. ಈ ನಿರ್ಣಯದ ಸುದ್ದಿ ಬರೆಯುವಾಗ ನಾವು ‘ಆಕ್ರಮಿತ ಪ್ರದೇಶಗಳಿಂದ’ ಎಂದಷ್ಟೇ ಬರೆದು ಮುಂದೆ ಹೋಗುತ್ತೇವೆ. ಅದು ಕೆಲವೋ ಎಲ್ಲವೋ ಎಂಬುದು ಓದುವವರಿಗೆ ಬಿಟ್ಟದ್ದು.