ತೂಕ ಇಳಿದ ಮೇಲೆ ಯಾವ ವಾಹನ? ಆಳಂದ, ಅಫಜಲಪುರ, ಜೇವರ್ಗಿ ಸವಾರರಿಗೆ ಮಾಹಿತಿ

ಸವಾರನ ದೇಹತೂಕಕ್ಕೂ ಅವನು ಏರುವ ವಾಹನಕ್ಕೂ ನೇರ ಸಂಬಂಧವಿದೆ. ಸ್ಥೂಲಕಾಯದವರು ಸಾಮಾನ್ಯವಾಗಿ ಗಟ್ಟಿಮುಟ್ಟಾದ, ಹೆಚ್ಚು ಸಾಮರ್ಥ್ಯದ ಮೋಟಾರ್ ಸೈಕಲ್ಲನ್ನೋ, ಹತ್ತಿ ಇಳಿಯಲು ಸುಲಭವಾದ ಎತ್ತರದ ಕಾರನ್ನೋ ಆರಿಸಿಕೊಳ್ಳುತ್ತಾರೆ. ಅವರೇ 30-40 ಕೆ.ಜಿ. ತೂಕ ಇಳಿಸಿಕೊಂಡಾಗ ಆ ಆಯ್ಕೆಯ ಆಧಾರವೇ ಬದಲಾಗುತ್ತದೆ. ಹಳೆಯ ವಾಹನವನ್ನು ಉಳಿಸಿಕೊಳ್ಳಬೇಕೇ, ಬದಲಿಸಬೇಕೇ, ಬದಲಿಸುವುದಾದರೆ ಯಾವಾಗ ಎಂಬುದು ಹಣದ ಪ್ರಶ್ನೆಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಮಹತ್ವವಿದೆ. ಆಳಂದ ಮತ್ತು ಜೇವರ್ಗಿ ಪಟ್ಟಣಗಳು ಜಿಲ್ಲಾ ಕೇಂದ್ರದಿಂದ ಸುಮಾರು 40 ಕಿ.ಮೀ. ದೂರದಲ್ಲಿದ್ದರೆ, ಅಫಜಲಪುರ ಇನ್ನೂ ದೂರ. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ ಎಲ್ಲಕ್ಕೂ ರಸ್ತೆಯನ್ನೇ ನೆಚ್ಚಬೇಕು. ಹಳ್ಳಿಯಿಂದ ಹೊಲಕ್ಕೆ ಹೋಗುವ ದಾರಿಗಳಂತೂ ಎರೆಮಣ್ಣಿನವು.

ಹಿನ್ನೆಲೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಪುರುಷರಾಗಲಿ ಮಹಿಳೆಯರಾಗಲಿ, ಹತ್ತರಲ್ಲಿ ಸುಮಾರು ಮೂವರು ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಆಹಾರ ನಿಯಂತ್ರಣ ಮತ್ತು ನಡಿಗೆಯ ಜೊತೆಗೆ ಈಗ ಶಸ್ತ್ರಚಿಕಿತ್ಸೆ ಹಾಗೂ ಔಷಧಗಳ ದಾರಿಯೂ ಇದೆ. ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಹೀಗಾಗಿ ಒಂದೆರಡು ವರ್ಷಗಳಲ್ಲಿ ದೇಹದ ಕಾಲುಭಾಗದಷ್ಟು ತೂಕ ಕಳೆದುಕೊಳ್ಳುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ.

ಒಟ್ಟು ಭಾರದ ಲೆಕ್ಕ

ಎಂಜಿನ್ ಎಳೆಯುವುದು ವಾಹನದ ಭಾರ ಮತ್ತು ಸವಾರನ ಭಾರ ಎರಡನ್ನೂ. ಹೊಗೆ ಪರೀಕ್ಷೆಗೆ ಒಳಪಡಿಸುವಾಗ ದ್ವಿಚಕ್ರ ವಾಹನದ ಸವಾರನ ತೂಕವನ್ನು 75 ಕೆ.ಜಿ. ಎಂದು ಗಣಿಸುವುದು ವಾಡಿಕೆ. 115 ಕೆ.ಜಿ. ತೂಗುತ್ತಿದ್ದ ವ್ಯಕ್ತಿ 75 ಕೆ.ಜಿ.ಗೆ ಇಳಿದರೆ ಒಟ್ಟು ಭಾರದಲ್ಲಿ ಆಗುವ ವ್ಯತ್ಯಾಸ ಸ್ಥೂಲವಾಗಿ ಹೀಗಿದೆ:

* ಸಾಮಾನ್ಯ ಸೈಕಲ್ (ಸುಮಾರು 20 ಕೆ.ಜಿ.): 135ರಿಂದ 95 ಕೆ.ಜಿ.ಗೆ, ಅಂದರೆ ಶೇ 30ರಷ್ಟು ಇಳಿಕೆ.
* ಟಿವಿಎಸ್ ಎಕ್ಸ್‌ಎಲ್ 100 ಮೊಪೆಡ್ (ಸುಮಾರು 88 ಕೆ.ಜಿ.): 203ರಿಂದ 163 ಕೆ.ಜಿ.ಗೆ, ಶೇ 20ರಷ್ಟು ಇಳಿಕೆ.
* ಹೀರೊ ಸ್ಪ್ಲೆಂಡರ್ ಪ್ಲಸ್ (112 ಕೆ.ಜಿ.): 227ರಿಂದ 187 ಕೆ.ಜಿ.ಗೆ, ಶೇ 18ರಷ್ಟು ಇಳಿಕೆ.
* ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 (195 ಕೆ.ಜಿ.): 310ರಿಂದ 270 ಕೆ.ಜಿ.ಗೆ, ಶೇ 13ರಷ್ಟು ಇಳಿಕೆ.

ವಾಹನ ಹಗುರವಾದಷ್ಟೂ ತೂಕ ಇಳಿಸಿದ್ದರ ಲಾಭ ಹೆಚ್ಚು ಎಂಬುದು ಇದರಿಂದ ಸ್ಪಷ್ಟ. ಮೊಪೆಡ್ಡಿನ ಉದಾಹರಣೆಯನ್ನೇ ನೋಡಬಹುದು. ಎಕ್ಸ್‌ಎಲ್ 100 ಹೊರಬಲ್ಲ ಗರಿಷ್ಠ ಹೊರೆ 130 ಕೆ.ಜಿ. ಸವಾರನೇ 115 ಕೆ.ಜಿ. ಇದ್ದರೆ ಉಳಿಯುವುದು 15 ಕೆ.ಜಿ. ಮಾತ್ರ. ಅವನು 75 ಕೆ.ಜಿ.ಗೆ ಇಳಿದರೆ 45 ಕೆ.ಜಿ.ಯ ಯೂರಿಯಾ ಚೀಲವೊಂದನ್ನು ಮುಂದಿಟ್ಟುಕೊಂಡು ಮಿತಿಯೊಳಗೇ ಹೊಲಕ್ಕೆ ಹೋಗಬಹುದು. ಹಿಂದೆ ದೊಡ್ಡ ಮೋಟಾರ್ ಸೈಕಲ್ ಬೇಕಾಗಿದ್ದ ಕೆಲಸ ಈಗ ಮೊಪೆಡ್ಡಿನಿಂದಲೇ ಸಾಧ್ಯವಾಗುತ್ತದೆ.

ಮೈಲೇಜ್ ಇದೇ ಪ್ರಮಾಣದಲ್ಲಿ ಏರುತ್ತದೆಂದು ಭಾವಿಸಬಾರದು. ನಿಂತು ಹೊರಡುವ ಊರೊಳಗಿನ ಓಡಾಟದಲ್ಲಿ ಮತ್ತು ಏರುದಾರಿಯಲ್ಲಿ ಉಳಿತಾಯ ಕಾಣುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಇಂಧನ ಹೆಚ್ಚಾಗಿ ಖರ್ಚಾಗುವುದು ಗಾಳಿಯನ್ನು ಸೀಳಲು. ಅಲ್ಲಿ ವ್ಯತ್ಯಾಸ ಅಲ್ಪ.

ಮೊದಲು ಹಳೆಯ ವಾಹನವನ್ನು ಹೊಂದಿಸಿ

ತೂಕ ಇಳಿದ ಕೂಡಲೇ ಶೋರೂಮಿಗೆ ಹೋಗುವ ಅಗತ್ಯವಿಲ್ಲ. ಹಳೆಯ ವಾಹನದಲ್ಲಿ ತೊಂದರೆ ಎನಿಸುವ ಹಲವು ಸಂಗತಿಗಳು ಸಣ್ಣ ಹೊಂದಾಣಿಕೆಯಿಂದ ಸರಿಹೋಗುತ್ತವೆ.

ಶಾಕ್ ಅಬ್ಸಾರ್ಬರ್: ಭಾರದ ಸವಾರನಿಗಾಗಿ ಹಿಂದಿನ ಸ್ಪ್ರಿಂಗನ್ನು ಬಿಗಿಗೊಳಿಸಿರುತ್ತಾರೆ. ಸವಾರ ಹಗುರಾದಾಗ ಅದೇ ಬಿಗಿ ಸ್ಪ್ರಿಂಗ್ ಗುಂಡಿಗಳಲ್ಲಿ ಗಾಡಿಯನ್ನು ಪುಟಿಸುತ್ತದೆ, ಸೊಂಟ ನೋಯುತ್ತದೆ, ಹಿಂದಿನ ಚಕ್ರ ರಸ್ತೆಯ ಹಿಡಿತ ತಪ್ಪುತ್ತದೆ. ಸ್ಪ್ಲೆಂಡರ್‌ನಲ್ಲಿ 5 ಹಂತಗಳ, ಕ್ಲಾಸಿಕ್ 350ರಲ್ಲಿ 6 ಹಂತಗಳ ಹೊಂದಾಣಿಕೆ ಇದೆ. ಮೆಕ್ಯಾನಿಕ್ ಕೆಲವೇ ನಿಮಿಷಗಳಲ್ಲಿ ಇದನ್ನು ಮಾಡಿಕೊಡಬಲ್ಲರು.

ಆಸನದ ಎತ್ತರ: ಸವಾರ ಹಗುರಾದಾಗ ಸ್ಪ್ರಿಂಗ್ ಕಡಿಮೆ ಕುಸಿಯುವುದರಿಂದ ಗಾಡಿ ಮೊದಲಿಗಿಂತ ಎತ್ತರದಲ್ಲಿ ನಿಲ್ಲುತ್ತದೆ. ಮೊದಲು ನೆಲಕ್ಕೆ ಊರುತ್ತಿದ್ದ ಪಾದ ಈಗ ತುದಿಗಾಲಿಗೆ ಬರಬಹುದು. ಕಾಗದದ ಮೇಲೆ ಸ್ಪ್ಲೆಂಡರ್‌ನ ಆಸನ 785 ಮಿ.ಮೀ., ಕ್ಲಾಸಿಕ್‌ನದು 805 ಮಿ.ಮೀ. ಎತ್ತರ. ಆದರೆ ಕುಳಿತು ನೋಡದೆ ನಿರ್ಧರಿಸಬಾರದು.

ಟಯರ್ ಗಾಳಿ: ಒಬ್ಬರೇ ಸವಾರಿ ಮಾಡುವಾಗ ಎಷ್ಟು, ಹಿಂಬದಿ ಸವಾರರಿದ್ದಾಗ ಎಷ್ಟು ಎಂದು ಕೈಪಿಡಿಯಲ್ಲಿ ಬೇರೆ ಬೇರೆ ಅಂಕಿ ಇರುತ್ತದೆ. ಭಾರದ ದಿನಗಳ ಅಭ್ಯಾಸದಂತೆ ಹೆಚ್ಚು ಗಾಳಿ ತುಂಬಿಸುವುದನ್ನು ನಿಲ್ಲಿಸಬೇಕು.

ಹೆಲ್ಮೆಟ್: ಕೆನ್ನೆಯ ಮಾಂಸ ಕರಗಿದಾಗ ಹೆಲ್ಮೆಟ್ ಸಡಿಲವಾಗುತ್ತದೆ. ತಲೆ ಅಲುಗಿಸಿದಾಗ ತಿರುಗುವ ಹೆಲ್ಮೆಟ್ ಅಪಘಾತದಲ್ಲಿ ಕಳಚಿಹೋಗಬಹುದು. ಒಳಗಿನ ಮೆತ್ತೆ ಬದಲಿಸಬೇಕು, ಇಲ್ಲವೇ ಐಎಸ್ಐ ಗುರುತಿನ ಸರಿಯಾದ ಅಳತೆಯದನ್ನು ಕೊಳ್ಳಬೇಕು.

ಕಾರು: ಹೊಟ್ಟೆಗೆ ಜಾಗ ಮಾಡಲು ಹಿಂದಕ್ಕೆ ಸರಿಸಿದ್ದ ಆಸನವನ್ನು ಮತ್ತೆ ಹೊಂದಿಸಬೇಕು. ಪೆಡಲ್ ಪೂರ್ತಿ ಒತ್ತುವಂತಿರಬೇಕು, ಎದೆಗೂ ಸ್ಟಿಯರಿಂಗ್‌ಗೂ ಕನಿಷ್ಠ 25 ಸೆಂ.ಮೀ. ಅಂತರ ಉಳಿಯಬೇಕು. ಸೀಟ್ ಬೆಲ್ಟ್‌ಗೆ ಉದ್ದ ಹೆಚ್ಚಿಸುವ ಪಟ್ಟಿ ಜೋಡಿಸಿದ್ದರೆ ಅದನ್ನು ತೆಗೆದುಬಿಡಬೇಕು.

ಇಳಿದದ್ದು ತೂಕ ಮಾತ್ರವೇ?

ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಇಳಿದ ತೂಕದಲ್ಲಿ ಸ್ಥೂಲವಾಗಿ ಕಾಲುಭಾಗ, ಕೆಲವರಲ್ಲಿ ಅದಕ್ಕೂ ಹೆಚ್ಚು, ಕೊಬ್ಬಲ್ಲದ ಅಂಶವಾಗಿರುತ್ತದೆ. ತೂಕ ಇಳಿಸಿದ ಸಂತೋಷದಲ್ಲಿ ಬಹುದಿನಗಳ ಆಸೆಯ 350 ಸಿ.ಸಿ. ಮೋಟಾರ್ ಸೈಕಲ್ ಕೊಳ್ಳಬಯಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. 195 ಕೆ.ಜಿ.ಯ ವಾಹನ ವಾಲಿದಾಗ ಅದನ್ನು ತಡೆಯುವುದು ತೊಡೆ, ಸೊಂಟ ಮತ್ತು ಭುಜದ ಬಲ. ಆ ಬಲ ಮೊದಲಿಗಿಂತ ಕುಗ್ಗಿರುವ ಸಾಧ್ಯತೆಯೇ ಹೆಚ್ಚು.

ಕೊಳ್ಳುವ ಮುನ್ನ ಮೂರು ಪರೀಕ್ಷೆಗಳನ್ನು ಮಾಡಿಕೊಳ್ಳುವುದು ಒಳಿತು. ವಾಹನವನ್ನು ಡಬಲ್ ಸ್ಟ್ಯಾಂಡ್‌ಗೆ ಒಬ್ಬರೇ ಹಾಕಲು ಸಾಧ್ಯವೇ? ಎಂಜಿನ್ ಆರಿಸಿ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಲು ಸಾಧ್ಯವೇ? ಎರಡೂ ಪಾದಗಳನ್ನು ಊರಿ ಎಡಕ್ಕೆ ಬಲಕ್ಕೆ ವಾಲಿಸಿ ತಡೆದುಕೊಳ್ಳಲು ಸಾಧ್ಯವೇ? ಒಂದಕ್ಕೆ ಇಲ್ಲ ಎಂದಾದರೂ ಹಗುರ ವಾಹನವೇ ಲೇಸು.

ಮಧುಮೇಹಿಗಳಿಗೆ ಎಚ್ಚರಿಕೆ

ತೂಕ ಇಳಿದಂತೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆಗಳ ಅಗತ್ಯ ಕಡಿಮೆಯಾಗುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಸವಾರಿಯ ನಡುವೆ ಹೀಗಾದರೆ ಪ್ರಾಣಾಪಾಯವಿದೆ. ಕೂಡಲೇ ವಾಹನ ನಿಲ್ಲಿಸಿ ಸಕ್ಕರೆ ಅಥವಾ ಬೆಲ್ಲ ತಿನ್ನಬೇಕು, ಪೂರ್ತಿ ಸರಿಯಾಗುವವರೆಗೆ ಹೊರಡಬಾರದು. ಔಷಧದ ಪ್ರಮಾಣವನ್ನು ತಾವೇ ಬದಲಿಸದೆ ವೈದ್ಯರಿಂದ ಮರುನಿಗದಿ ಮಾಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯಾದವರು ವೈದ್ಯರು ಒಪ್ಪುವವರೆಗೆ ವಾಹನ ಚಲಾಯಿಸಬಾರದು.

ಈ ಭಾಗದ ರಸ್ತೆಗೆ ಯಾವುದು ಹೊಂದುತ್ತದೆ?

ಮೊಪೆಡ್: ಹೊಲದ ದಾರಿಗೆ ಉತ್ತಮ. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವೆ ಮೆತ್ತಿಕೊಂಡು ಗಾಡಿ ನಿಂತುಬಿಡುತ್ತದೆ. ಆಗ ಇಳಿದು ತಳ್ಳಲು 88 ಕೆ.ಜಿ.ಯ ವಾಹನವೇ ಸುಲಭ. ದೂರದ ಹೆದ್ದಾರಿ ಪ್ರಯಾಣಕ್ಕೆ ಇದು ತಕ್ಕುದಲ್ಲ.

100 ಸಿ.ಸಿ. ಮೋಟಾರ್ ಸೈಕಲ್: ಹಳ್ಳಿ ಮತ್ತು ಹೆದ್ದಾರಿ ಎರಡರಲ್ಲೂ ಓಡಾಡುವವರಿಗೆ ಸೂಕ್ತ. 115 ಕೆ.ಜಿ. ಇದ್ದಾಗ ಹಿಂಬದಿ ಸವಾರರೊಡನೆ ಏದುಸಿರು ಬಿಡುತ್ತಿದ್ದ ಗಾಡಿ, ತೂಕ ಇಳಿದ ಮೇಲೆ ಸಲೀಸಾಗಿ ಎಳೆಯುತ್ತದೆ. 99 ಕೆ.ಜಿ.ಯ ಹೋಂಡಾ ಶೈನ್ 100ರಂತಹ ಇನ್ನೂ ಹಗುರ ವಾಹನಗಳೂ ಇವೆ.

ಸ್ಕೂಟರ್: ಕಾಲೆತ್ತಿ ಹಾಕುವ ಕಷ್ಟವಿಲ್ಲ, ಸೀರೆ ಉಡುವವರಿಗೂ ಅನುಕೂಲ. ಪಟ್ಟಣದೊಳಗೆ ಒಳ್ಳೆಯದು. ಆದರೆ ಚಿಕ್ಕ ಚಕ್ರಗಳಿಗೆ ಗುಂಡಿಗಳು ಒಗ್ಗುವುದಿಲ್ಲ. ವಿದ್ಯುತ್ ಸ್ಕೂಟರ್ ಆದರೆ ಸವಾರ ಹಗುರಾದಷ್ಟೂ ಒಂದು ಚಾರ್ಜ್‌ಗೆ ಓಡುವ ದೂರ ಹೆಚ್ಚುತ್ತದೆ.

ಸೈಕಲ್: ತೂಕ ಇಳಿಸಿದವರಿಗೆ ಹೊಸದಾಗಿ ತೆರೆಯುವ ದಾರಿ ಇದು. ಅನೇಕ ಸೈಕಲ್‌ಗಳ ಭಾರಮಿತಿ 100-120 ಕೆ.ಜಿ. ಇರುವುದರಿಂದ ಮೊದಲು ಏರಲಾಗದವರೂ ಈಗ ಏರಬಹುದು. ಇಳಿದ ತೂಕವನ್ನು ಕಾಯ್ದುಕೊಳ್ಳಲು, ತೊಡೆಯ ಬಲ ಮರಳಿ ಪಡೆಯಲು ಸಹಕಾರಿ. ಬೇಸಿಗೆಯಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದರಿಂದ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಬೇಕು.

ಬಸ್: ಅಧಿಕ ತೂಕವಿದ್ದಾಗ ಬಸ್ಸಿನ ಎತ್ತರದ ಮೆಟ್ಟಿಲು ಏರಲಾಗದೆ ಆಟೊ, ಟಂಟಂಗಳಿಗೆ ಹಣ ತೆರುತ್ತಿದ್ದವರು ಅನೇಕ. ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ.ಯಷ್ಟು ತಗ್ಗುತ್ತದೆ ಎಂದು ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮೆಟ್ಟಿಲು ಏರುವಂತಾದರೆ ಸ್ವಂತ ವಾಹನದ ಖರ್ಚೇ ಬೇಡವಾಗಬಹುದು.

ಯಾವಾಗ ಬದಲಿಸಬೇಕು?

ಶಸ್ತ್ರಚಿಕಿತ್ಸೆಯ ನಂತರ ತೂಕ ಸಾಮಾನ್ಯವಾಗಿ 12ರಿಂದ 18 ತಿಂಗಳವರೆಗೆ ಇಳಿಯುತ್ತಲೇ ಇರುತ್ತದೆ. ಔಷಧದಿಂದ ಇಳಿಸಿದವರಲ್ಲಿ ಮರಳಿ ಏರುವ ಸಂಭವವಿದೆ. ಸೆಮಾಗ್ಲುಟೈಡ್ ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಸುಮಾರು ಮೂರರಲ್ಲಿ ಎರಡು ಭಾಗ ಮರಳಿತ್ತು. ಆದ್ದರಿಂದ ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಬಳಿಕವೇ ಸಾಲ ಮಾಡಿ ಹೊಸ ವಾಹನ ಕೊಳ್ಳುವುದು ಜಾಣತನ. ಅಲ್ಲಿಯವರೆಗೆ ಹಳೆಯದನ್ನೇ ಹೊಂದಿಸಿಕೊಂಡು ಓಡಿಸಬಹುದು.

ಹಳೆಯದನ್ನು ಮಾರುವಾಗ

ನಮೂನೆ 29 ಮತ್ತು 30ರ ಮೂಲಕ ಹೆಸರು ವರ್ಗಾವಣೆ ಮಾಡಿಸಬೇಕು. ರಾಜ್ಯದೊಳಗೆ ಮಾರಿದರೆ 14 ದಿನಗಳಲ್ಲಿ ಮಾರಾಟಗಾರರು ಆರ್‌ಟಿಒಗೆ ತಿಳಿಸಬೇಕು. ಆಳಂದ, ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಯಲ್ಲಿರುವುದರಿಂದ ಅಕ್ಕಲಕೋಟ, ಸೊಲ್ಲಾಪುರ ಕಡೆಯವರಿಗೂ ವಾಹನ ಮಾರಾಟವಾಗಬಹುದು. ಆಗ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯುವುದು ಕಡ್ಡಾಯ. ಸಾಲವಿದ್ದರೆ ನಮೂನೆ 35ರ ಮೂಲಕ ಬ್ಯಾಂಕಿನ ಹೆಸರು ತೆಗೆಸಬೇಕು. ಸ್ಕೂಟರಿಗೆ ಪಕ್ಕದ ಚಕ್ರಗಳನ್ನು ಜೋಡಿಸಿ ಆರ್‌ಸಿಯಲ್ಲಿ ದಾಖಲಿಸಿದ್ದರೆ, ತೆಗೆದುದನ್ನೂ ದಾಖಲಿಸಬೇಕು. ಹೆಸರು ಬದಲಾಗದೆ ಉಳಿದ ವಾಹನ ಅಪಘಾತಕ್ಕೀಡಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರ ಮೇಲೆಯೇ ಬರುತ್ತದೆ.

ಒಟ್ಟಿನಲ್ಲಿ, ಮೊದಲು ಹೊಂದಾಣಿಕೆ, ನಂತರ ಕಾಯುವಿಕೆ, ಕೊನೆಗೆ ಖರೀದಿ ಎಂಬ ಕ್ರಮವನ್ನು ಅನುಸರಿಸುವುದು ಉತ್ತಮ. ತಕ್ಕಡಿ ತೋರಿಸುವ ಅಂಕಿಗಿಂತ ತೋಳು ಮತ್ತು ಕಾಲುಗಳ ಬಲವನ್ನು ನೋಡಿ ವಾಹನ ಆರಿಸಿಕೊಂಡರೆ ಕೈಯಲ್ಲಿನ ಹಣವೂ ಉಳಿಯುತ್ತದೆ, ಬೀಳುವ ಭಯವೂ ತಗ್ಗುತ್ತದೆ.