ಮಾರಿದ ಯೆಜ್ಡಿ ಮನೆಗೆ ಬಂದಾಗ

ನಮ್ಮ ದೊಡ್ಡಪ್ಪ ಬನಶಂಕರಿ ಎರಡನೇ ಹಂತದ ಮನೆಯಲ್ಲಿ ಕೂತು ಇವತ್ತಿಗೂ ಒಂದು ನಂಬರನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದು ಕೆಎ ಸಿರೀಸ್ ಬರುವ ಮುಂಚಿನ ಹಳೇ ನಂಬರ್. 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್‌ನದು.

ಈ ಗಾಡಿ ನಮ್ಮ ಮೈಸೂರಿನದೇ. ಇರಾನಿ ಕುಟುಂಬ 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿ, ಆಗಿನ ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಯಾದವಗಿರಿಯಲ್ಲಿ ತಯಾರಿಸತೊಡಗಿತು. 1973ರಿಂದ ಯೆಜ್ಡಿ ಅಂತ ಹೆಸರಾಯಿತು. 250 ಸಿಸಿ, ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಕಿಕ್ ಹೊಡೆಯುವ ರಾಡನ್ನೇ ಮುಂದಕ್ಕೆ ತಳ್ಳಿದರೆ ಗೇರ್! ಹಳ್ಳಿಯಲ್ಲಿ ಇದರ ಸದ್ದು ಕೇಳಿದರೆ ಯಾರು ಬಂದರೆಂದು ಮನೆಯೊಳಗಿಂದಲೇ ಹೇಳುತ್ತಿದ್ದರು.

ಆಮೇಲೆ 1985ರ ಸುಮಾರಿಗೆ ಹೀರೋ ಹೋಂಡಾ ಸಿಡಿ 100 ಬಂತು. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಗಾಡಿ. ಸಂಬಳದವರ ಮನೆಯಲ್ಲಿ ಲೆಕ್ಕವೇ ಬದಲಾಯಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಮರುವರ್ಷವೇ ದೊಡ್ಡಪ್ಪ ಮಗಳ ಕಾಲೇಜು ಫೀಸಿಗೆಂದು ಯೆಜ್ಡಿ ಮಾರಿದರು. ಫ್ಯಾಕ್ಟರಿಯೇ ಮುಚ್ಚಿದ ಗಾಡಿಗೆ ಬೆಲೆ ಎಲ್ಲಿಂದ ಬರಬೇಕು? ಬ್ರೋಕರ್ ಕೊಟ್ಟಷ್ಟೇ ಬಂತು. ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಕೊಟ್ಟು ಬಂದರು.

ಇಲ್ಲೇ ಗಮನಿಸಬೇಕಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಮಾರಿದವರೂ ಕೊಂಡವರೂ ಆರ್‌ಟಿಒಗೆ ತಿಳಿಸಲೇಬೇಕು. ಖಾಲಿ ಸಹಿ ಹಾಕಿ ಕೈತೊಳೆದುಕೊಂಡರೆ ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೆ ನೋಟಿಸು ನಿಮ್ಮ ಬಾಗಿಲಿಗೇ. ದೊಡ್ಡಪ್ಪನಿಗೆ ಅಂಥದ್ದೇನೂ ಆಗಲಿಲ್ಲ, ಅದು ಅದೃಷ್ಟ.

ಹಾಗೆ ಬದಲಾಗದೆ ಉಳಿದ ಹೆಸರೇ ಗಾಡಿಯನ್ನು ಹಿಂದಕ್ಕೆ ತಂದಿತು. 2015ರಲ್ಲಿ ಕನಕಪುರ ಕಡೆಯ ರೇಷ್ಮೆ ರೈತರೊಬ್ಬರು ಆರ್‌ಸಿಯಲ್ಲಿದ್ದ ವಿಳಾಸ ಹಿಡಿದು ಅದೇ ಯೆಜ್ಡಿಯಲ್ಲಿ ಬಂದರು. ಕೈಯಿಂದ ಕೈಗೆ ದಾಟಿ ಅವರಿಗೆ ಬಂದ ಗಾಡಿ. ರಿಜಿಸ್ಟ್ರೇಷನ್ ಅವಧಿ ಮುಗಿದಿತ್ತು, ಹೆಸರು ಬದಲಿಸಲು ಸಹಿ ಬೇಕಿತ್ತು. ತಿರುವಿನಲ್ಲಿ ಸದ್ದು ಕೇಳಿಯೇ ದೊಡ್ಡಪ್ಪ ಚಪ್ಪಲಿ ಮೆಟ್ಟದೆ ಗೇಟಿಗೆ ಓಡಿದ್ದರಂತೆ.

ಸಹಿಯ ಮಾತು ಪಕ್ಕಕ್ಕೆ ಹೋಯಿತು. "ಗಾಡಿ ನನಗೇ ಕೊಟ್ಟುಬಿಡಿ" ಅಂದರು ದೊಡ್ಡಪ್ಪ.

"ಇದನ್ನ ಕೊಟ್ರೆ ರಾಮನಗರದ ಮಾರ್ಕೆಟ್‌ಗೆ ಗೂಡು ಯಾವುದ್ರಲ್ಲಿ ಹಾಕ್ಕೊಂಡು ಹೋಗ್ಲಿ ಸಾಮಿ?"

ನ್ಯಾಯವಾದ ಪ್ರಶ್ನೆ. ಒಬ್ಬರಿಗೆ ಅದು ನೆನಪು, ಇನ್ನೊಬ್ಬರಿಗೆ ದುಡಿಮೆ. ಮೂರು ಸಲ ಕಾಫಿ ಆಯಿತು. ಕೊನೆಗೆ ದೊಡ್ಡಪ್ಪ ತಮ್ಮ ನಾಲ್ಕು ವರ್ಷದ ಬೈಕು, ಮೇಲೆ ಹತ್ತು ಸಾವಿರ ಕೊಟ್ಟರು. ಈ ಸಲ ಹೆಸರು ಬದಲಾವಣೆಗೆ ತಾವೇ ಓಡಾಡಿದರು. ಯೆಜ್ಡಿಗೆ ಮಾತ್ರ ಹೆಸರು ಬದಲಿಸುವ ಕೆಲಸವೇ ಇರಲಿಲ್ಲ. ಕಾಗದದ ಪ್ರಕಾರ ಅದು ಮಾರಾಟವೇ ಆಗಿರಲಿಲ್ಲವಲ್ಲ!

ಇಂಥ ಕತೆ ಇದೊಂದೇ ಅಲ್ಲ. ಮಣಿಪಾಲದಲ್ಲಿದ್ದ ಬ್ಯಾಂಕ್ ಅಧಿಕಾರಿಯೊಬ್ಬರು ತಮ್ಮ 1971ರ ಬುಲೆಟ್ಟನ್ನು ಸ್ನೇಹಿತರಿಗೆ ಮಾರಿದ್ದರು, ಅದು ಅಲ್ಲಿಂದ ಕಳವಾಗಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಗ ಸಾರಿಗೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಹುಡುಕಿ, ಮೈಸೂರು ಕಡೆ ಪತ್ತೆ ಮಾಡಿ, 2021ರಲ್ಲಿ ಅಪ್ಪನಿಗೆ ಕೊಡಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

ದೊಡ್ಡಪ್ಪ ಟಾರ್ಚ್ ಹಿಡಿದು ಮೊದಲು ನೋಡಿದ್ದು ಚಾಸಿ ನಂಬರ್. ಒಂದೊಂದೇ ಅಂಕಿ ಸರಿಯಾಗಿತ್ತು. ಎಂಜಿನ್ ನಂಬರ್ ಮಾತ್ರ ಬೇರೆ. ನಡುವೆ ಯಾರೋ ಬದಲಿಸಿದ್ದಾರೆ. ಸ್ವಲ್ಪ ಹೊತ್ತು ಸುಮ್ಮನೆ ಕುಕ್ಕರುಗಾಲಲ್ಲೇ ಕೂತಿದ್ದರು. ಬದಲಾದ ಎಂಜಿನ್ನನ್ನೂ ಆರ್‌ಸಿಯಲ್ಲಿ ಬರೆಸಬೇಕು, ಹಾಗಾಗಿ ಜಯನಗರದ ಆರ್‌ಟಿಒಗೆ ಇನ್ನೆರಡು ಓಡಾಟ ಹೆಚ್ಚಾಯಿತು.

ರೈತರು ಈಗಲೂ ಯುಗಾದಿಗೆ ಫೋನ್ ಮಾಡುತ್ತಾರೆ. ದೊಡ್ಡಮ್ಮನ ಆರೋಗ್ಯ ಕೇಳುವ ಮುಂಚೆ ಅವರು ಕೇಳುವುದು, "ಕಿಕ್ ಇನ್ನೂ ಜಾರ್ತದಾ ಸಾಮಿ?"