‘ಇನ್ನ’ ಎಂಬ ಅರಬ್ಬೀ ಅವ್ಯಯವೂ ಕನ್ನಡದ ಅವಧಾರಣೆಯೂ

ಬಹಮನೀ ಸುಲ್ತಾನರ ರಾಜಧಾನಿಯಾಗಿದ್ದು, 1367ರಲ್ಲಿ ತನ್ನ ಕೋಟೆಯೊಳಗೆ ಜಾಮಾ ಮಸೀದಿಯನ್ನು ಪಡೆದು, 1422ರಲ್ಲಿ ದಿವಂಗತರಾದ ಖ್ವಾಜಾ ಬಂದೇನವಾಜರ ವಿದ್ವತ್ತಿಗೆ ನೆಲೆಯಾದ ಕಲಬುರಗಿಯ ಪರಿಸರದಲ್ಲಿ ಅರಬ್ಬೀ ಶಬ್ದಗಳು ಜನರ ನುಡಿಗೆ ಇಳಿದುಬಂದುದು ಸಹಜವೇ ಸರಿ. ಆ ಪರಿಸರದ ಮಹಾಗಾಂವ ಗ್ರಾಮದ ಒಕ್ಕಲಿಗನು ‘ಬಿಲ್ಕುಲ್ ಇಲ್ಲ’ ಎನ್ನುವಾಗ ‘ಬಿ’ ಎಂಬ ಅವ್ಯಯವನ್ನೂ, ‘ವಗೈರೆ’ ಎನ್ನುವಾಗ ‘ಮತ್ತು’ ಎಂಬರ್ಥದ ‘ವ’ಕಾರವನ್ನೂ ಅರಿಯದೆಯೇ ಉಚ್ಚರಿಸುತ್ತಾನೆ. ಆದರೆ ಇವು ಇಲ್ಲಿ ಶಬ್ದದೊಳಗೆ ಹುದುಗಿ ನಿಶ್ಚೇಷ್ಟವಾಗಿವೆ. ಅವ್ಯಯದ ಜೀವಂತ ವ್ಯಾಪಾರವನ್ನು ಕಾಣಬೇಕಾದರೆ ಅರಬ್ಬೀ ವಾಕ್ಯವನ್ನೇ ಪರಿಶೀಲಿಸತಕ್ಕುದು.

9ನೆಯ ಶತಮಾನದ ದಾರ್ಶನಿಕ ಅಲ್‌ಕಿಂದಿಯು ಅರಬ್ಬೀ ಭಾಷೆಯಲ್ಲಿ ವ್ಯರ್ಥ ಪದಗಳು ತುಂಬಿವೆಯೆಂದು ವೈಯಾಕರಣನೊಬ್ಬನೊಡನೆ ಆಕ್ಷೇಪಿಸಿದನೆಂದೂ, ಆತನಿಗೆ ತಕ್ಕ ಸಮಾಧಾನ ದೊರೆಯಿತೆಂದೂ 11ನೆಯ ಶತಮಾನದ ಅಬ್ದುಲ್ ಕಾಹಿರ್ ಅಲ್‌ಜುರ್ಜಾನಿಯು ತನ್ನ ‘ದಲಾಇಲುಲ್ ಇಅಜಾಜ್’ ಗ್ರಂಥದಲ್ಲಿ ನಿರೂಪಿಸಿದ್ದಾನೆ. ಆ ಸಮಾಧಾನದ ತಿರುಳನ್ನು ಬೇರೊಂದು ಉದಾಹರಣೆಯಿಂದ ವಿಶದಪಡಿಸಬಹುದು. ‘ಅಲ್‌ಬಾಬು ಮುಗ್ಲಕುನ್’ ಎಂದರೆ ಬಾಗಿಲು ಮುಚ್ಚಿದೆಯೆಂಬ ಬರಿಯ ವರದಿ. ‘ಇನ್ನಲ್‌ಬಾಬ ಮುಗ್ಲಕುನ್’ ಎಂಬುದು ಸಂದೇಹದಿಂದ ಕೇಳಿದವನಿಗೆ ಕೊಟ್ಟ ಉತ್ತರ. ‘ಇನ್ನಲ್‌ಬಾಬ ಲಮುಗ್ಲಕುನ್’ ಎಂಬುದು ಅಲ್ಲಗಳೆದವನಿಗೆ ಕೊಟ್ಟ ಪ್ರತ್ಯುತ್ತರ. ಬಾಗಿಲ ಸ್ಥಿತಿಯು ಮೂರರಲ್ಲಿಯೂ ಒಂದೇ. ಭಿನ್ನವಾದುದು ಕೇಳುವವನ ಮನಸ್ಸು.

ಇಲ್ಲಿ ‘ಇನ್ನ’ ವಾಕ್ಯದ ಶಿರದಲ್ಲಿ ನಿಂತು ‘ಬಾಬು’ ಎಂಬ ಪ್ರಥಮಾಂತ ಕರ್ತೃವನ್ನು ‘ಬಾಬ’ ಎಂದು ದ್ವಿತೀಯೆಗೆ ತಿರುಗಿಸುತ್ತದೆ. ದೃಢೀಕರಣದ ಎರಡು ಅವ್ಯಯಗಳು ಒಂದೆಡೆ ಕೂಡಬಾರದೆಂದು ‘ಲ’ಕಾರವು ವಿಧೇಯಪದಕ್ಕೆ ಸರಿಯುತ್ತದೆ. ಆದುದರಿಂದಲೇ ವೈಯಾಕರಣರು ಅದನ್ನು ‘ಜಾರಿದ ಲಾಮ್’ ಎಂದು ಕರೆದರು.

ಕನ್ನಡದ ಅವಧಾರಣೆಯ ಏಕಾರವಾದರೋ ವಾಕ್ಯದ ತಲೆಯಲ್ಲಿ ನಿಲ್ಲದೆ ಒತ್ತು ಬೀಳುವ ಪದದ ತುದಿಗೆ ಅಂಟಿಕೊಳ್ಳುತ್ತದೆ. ಮಹಾಗಾಂವದ ಕಡೆಯ ಮಾತಿನಲ್ಲಿ ‘ಬಾಗಲಾ ಮುಚ್ಚ್ಯದ’ ಎಂಬುದು ವಾರ್ತೆ. ಕೇಳಿದವನಿಗೆ ‘ಮುಚ್ಚೇ ಅದ’ ಎಂಬ ಉತ್ತರ. ನಂಬದವನಿಗೆ ‘ಖರೇನೇ ಮುಚ್ಚೇ ಅದ’ ಎಂಬ ಸಾಧನೆ. ಅದೇ ಏಕಾರವು ‘ಬಾಗಲಾನೇ’ ಎಂದು ಕರ್ತೃವಿಗೆ ಹತ್ತಿದರೆ ಮುಚ್ಚಿರುವುದು ಕಿಟಕಿಯಲ್ಲವೆಂಬ ಬೇರೊಂದರ್ಥವೇ ಹುಟ್ಟುವುದು. ‘ಇನ್ನ’ ಇಡೀ ವಾಕ್ಯವನ್ನು ಸಮರ್ಥಿಸಿದರೆ, ಏಕಾರವು ಒಂದು ಪದವನ್ನು ಆರಿಸಿ ಉಳಿದುದನ್ನು ನಿವಾರಿಸಲೂ ಬಲ್ಲದು.

ಹೀಗಿರಲು, ‘ಇನ್ನ’ ಬಂದಲ್ಲೆಲ್ಲಾ ‘ನಿಶ್ಚಯವಾಗಿ’ ಎಂದು ಬರೆಯುವ ಅನುವಾದಕನು ಪದವನ್ನು ಉಳಿಸಿಕೊಂಡು ಸಂವಾದವನ್ನು ಕಳೆದುಕೊಳ್ಳುತ್ತಾನೆ; ಏಕೆಂದರೆ ಸಂದೇಹದಿಂದ ಕೇಳಿದವನೂ ಹಠದಿಂದ ಅಲ್ಲಗಳೆದವನೂ ಆ ಒಂದು ಪದದಲ್ಲಿ ಒಬ್ಬನೇ ಆಗಿಬಿಡುತ್ತಾರೆ.